ಮೀನಿಗೊಂದು ಏಣಿ

ಅಕ್ಕಾ,

ಮಾನ್ಯ ಮಹನೀಯರೇ, ಮೀನುಕುಲದ ಆತ್ಮೀಯರೇ! ಮುಂದಿನ ವಾರದ ಭಾಷಣವನ್ನು ಹೀಗೆ ಶುರುಮಾಡು. ಪ್ರಾಸ ನನ್ನ ಕಾಣಿಕೆ.

“ಅಣೆಕಟ್ಟಿನ ಮೇಲಿನ ಮೀನಿಗೂ ಕೆಳಗಿನ ಮೀನಿಗೂ ವಂಶವಾಹಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಕಣೋ! ಹೇಗೋ ದಾಟ್ಕೊಂಡು ಹೋಗ್ತಿವೆ. ಮೀನು ಹತ್ತೋಕೆ ನೀರಿನ ಮೆಟ್ಟಿಲಿನ ಏಣಿ ಕಟ್ಟೋದು ಬೇಡ ಅಂತ ಹೇಳಿಬಿಡ್ತೀನಿ” ಎಂದು ಫೋನಿನಲ್ಲಿ ಕುಣಿದೆಯಲ್ಲ, ಅದನ್ನು ಮಾತ್ರ ಹೇಳಬೇಡ. ಮೊಟ್ಟೆಯಿಡಲು ಹೊರಟ ಮೀನಿಗೆ ಗೋಡೆ ಅಡ್ಡ ಬಂದರೆ ವಂಶವೇ ನಿಂತೀತು. ಗಂಟಲು ಕಟ್ಟಿದೆಯೆಂದು ಭಾಷಣವನ್ನೇ ಮುಂದೂಡಿದರೆ ಇನ್ನೂ ಒಳ್ಳೆಯದು.

“ಯಾಕೋ?” ಎನ್ನುತ್ತೀಯ. ಅಣೆಕಟ್ಟಿನ ಮೇಲಕ್ಕೆ ಮುನ್ನೂರು ಮೆಟ್ಟಿಲು, ನನ್ನ ಮಂಡಿಗೆ ಮೂವತ್ತಕ್ಕೇ ಮುನಿಸು. ಪರೀಕ್ಷೆಗೆಂದು, ಮೇಲಿನ ಮೀನಿಗೊಂದು ಕೆಳಗಿನ ಮೀನಿಗೊಂದು ಅಂತ ನೀನು ಕೊಟ್ಟ ಎರಡೂ ಡಬ್ಬಿಗೆ ಕೆಳಗಿನ ಮೀನುಗಳ ಈಜುರೆಕ್ಕೆಯ ಚೂರನ್ನೇ ಕತ್ತರಿಸಿ ತುಂಬಿದೆ. ಮೀನು ಮೇಲೆ ಹತ್ತಿತೋ ಇಲ್ಲವೋ ಗೊತ್ತಿಲ್ಲ, ನಾನಂತೂ ಹತ್ತಲಿಲ್ಲ.

ಇಂತಿ,
ನಿನ್ನ ತಮ್ಮ