ಎದುರು ತಂಡದ ಮಗಳು

ಕ್ಲೀವ್‌ಲ್ಯಾಂಡ್
ಜೂನ್ ೨೪, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮರ್ಲಾ,

ಹೇಗಿದ್ದೀಯ? ಸರಿಯಾಗಿ ಊಟ ಮಾಡುತ್ತಿದ್ದೀಯಾ? ಊರೂರು ತಿರುಗುವ ಕೆಲಸ, ನಿದ್ದೆ ಕೆಟ್ಟರೆ ನಿನಗೆ ತಲೆನೋವು ಬರುತ್ತದೆಂದು ನಿನ್ನಮ್ಮ ದಿನಕ್ಕೆರಡು ಸಲ ಹೇಳುತ್ತಾಳೆ. ಅವಳ ಮಂಡಿನೋವು ಈಗ ವಾಸಿ. ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿಯುವುದನ್ನು ಬಿಟ್ಟಿದ್ದಾಳೆ. ನಾನು ಚೆನ್ನಾಗಿದ್ದೇನೆ. ನೀನು ವಾರಕ್ಕೊಮ್ಮೆ ಅವಳಿಗೆ ಫೋನ್ ಮಾಡುವಾಗ ನಾನು ಪಕ್ಕದ ಕೋಣೆಯಲ್ಲೇ ಇರುತ್ತೇನೆ, ಅದು ನಿನಗೂ ಗೊತ್ತು. ಫೋನಿನಲ್ಲಿ ಹೇಳಬಹುದಾದದ್ದನ್ನು ಕಾಗದದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಇಷ್ಟೆ: ಫೋನಿನಲ್ಲಾದರೆ ನಡುವೆ ನೀನು ಮಾತಾಡುತ್ತೀಯ, ನೀನು ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ.

ಫೆಬ್ರವರಿಯಲ್ಲಿ ನೀನು ನ್ಯೂಯಾರ್ಕ್‌ನ ಬೇಸ್‌ಬಾಲ್ ತಂಡದ ಕೆಲಸಕ್ಕೆ ಹೊರಡುವ ಹಿಂದಿನ ದಿನ ಅಮ್ಮ ಹಂದಿಮಾಂಸ, ಹುಳಿಕೋಸು ಮಾಡಿ ಬಡಿಸಿದ್ದಳು. ನಾನು ತಟ್ಟೆ ಸರಿಸಿ, “ಬೇರೆ ಯಾವ ತಂಡಕ್ಕಾದ್ರೂ ಹೋಗು, ನ್ಯೂಯಾರ್ಕ್‌ನೋರ ಕೋಟು ಹಾಕ್ಕೊಂಡು ಮಾತ್ರ ಈ ಮನೆ ಮೆಟ್ಟಿಲು ಹತ್ತಬೇಡ” ಎಂದೆ. ನೀನು ಜಗಳವಾಡಲಿಲ್ಲ. “ಅಪ್ಪಾ, ಇಲ್ಲಿ ಕೆಲಸ ಖಾಲಿ ಇರ್ಲಿಲ್ಲ. ಅಲ್ಲಿತ್ತು. ಆಟಗಾರರ ಕೈ-ಕಾಲು ನೋಡ್ಕೊಳ್ಳೋದು ನಾನು ಕಲಿತ ವಿದ್ಯೆ. ಮೊಣಕೈಗೆ ಊರು ಯಾವುದು ಅಂತ ಗೊತ್ತಿರುತ್ತಾ?” ಎಂದೆ. ನಾನು ಎದ್ದು ಹೋಗಿ ಟಿವಿ ಹಾಕಿದೆ. ಅದರಲ್ಲಿ ಏನು ಬರುತ್ತಿತ್ತೆಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಇನ್ನು ಕಳೆದ ವಾರದ ಭಾನುವಾರದ ವಿಷಯ. ನಿಮ್ಮ ತಂಡ ಇಲ್ಲಿಗೆ ಬಂದಿತ್ತು, ನೀನು ಹೋಟೆಲಿನಲ್ಲಿ ಉಳಿದೆ. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಹೇಳುವ ಬಾಯಿ ನನಗಿಲ್ಲ. ಆ ಮಧ್ಯಾಹ್ನ ನನ್ನ ಡ್ಯೂಟಿ ನಿಮ್ಮವರು ಕೂರುವ ಜಾಗದ ನೇರ ಮೇಲಿನ ಸಾಲುಗಳಲ್ಲಿ ಬಿತ್ತು. ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಹತ್ತೊಂಬತ್ತು ವರ್ಷ ಇದೇ ಕ್ರೀಡಾಂಗಣದಲ್ಲಿ ಜನರಿಗೆ ಸೀಟು ತೋರಿಸಿದ್ದೇನೆ. ಅಷ್ಟೊಂದು ಜನ ಅಷ್ಟೊಂದು ಕೋಪದಿಂದ ಬಂದು ಕೂತದ್ದನ್ನು ನೋಡಿದ್ದು ಕಡಿಮೆ. ಡೆಸ್ಮಂಡ್ ಪೈಕ್ ಅವತ್ತು ನಿಮ್ಮ ಕಡೆಯ ಪಿಚರ್ ಆಗಿದ್ದನಲ್ಲ, ಅದಕ್ಕೆ. ಐದು ವರ್ಷ ನಮ್ಮ ಅಂಗಿ ತೊಟ್ಟು ಚೆಂಡೆಸೆದವನು. ಮೊದಮೊದಲು ಅವನ ಎಸೆತ ಬೇಲಿಗೆ ಹೋಗಿ ಬಡಿಯುತ್ತಿದ್ದಾಗಲೂ ನಾವು ಚಪ್ಪಾಳೆ ತಟ್ಟಿ ಸಾಕಿದೆವು. ಕೈ ಪಳಗಿದ ಮೇಲೆ ನ್ಯೂಯಾರ್ಕ್‌ನವರು ಎತ್ತಿಕೊಂಡು ಹೋದರು. ಹೀಗಾದದ್ದು ಅವನೊಬ್ಬನಿಗಲ್ಲ. ನಾವು ಬೆಳೆಸುವುದು, ಅವರು ಕೊಯ್ದುಕೊಂಡು ಹೋಗುವುದು, ಕೊನೆಗೆ ಅವರೇ ಕಪ್ ಎತ್ತುವುದು. ಇದನ್ನು ಕಂಡು ಹೊಟ್ಟೆ ಉರಿಯದವನು ಬೇಸ್‌ಬಾಲ್ ನೋಡಲು ಬರಲೇಬಾರದು. ಈ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಐದನೇ ಇನ್ನಿಂಗ್ಸ್‌ನಲ್ಲಿ ನಮ್ಮವನು ಹೊಡೆದ ಚೆಂಡು ನೇರವಾಗಿ ಹೋಗಿ ಪೈಕ್‌ನ ಮೊಣಕೈಗೆ ಬಡಿಯಿತು. ಆ ಸದ್ದು ನನ್ನ ಸಾಲಿನವರೆಗೂ ಕೇಳಿಸಿತು. ಅವನು ಚೆಂಡೆಸೆಯಲು ನಿಲ್ಲುವ ದಿಬ್ಬದ ಮೇಲೆಯೇ ಮುದುರಿ ಬಿದ್ದ. ಮಗಳೇ, ಇದನ್ನು ನಿನ್ನಮ್ಮನಿಗೂ ಹೇಳಿಲ್ಲ. ಮೊದಲ ಕ್ಷಣ ನನಗೆ ಖುಷಿಯಾಯಿತು. ಹಾಗೇ ಆಗಬೇಕು ಅಂತ ಮನಸ್ಸಿಗೆ ಬಂತು. ಅಷ್ಟರಲ್ಲಿ ಒಬ್ಬಳು ಕೆಳಗಿನಿಂದ ಓಡಿಹೋದಳು. ಆ ಓಟ ನನಗೆ ಗೊತ್ತು, ಎಡಗೈಯನ್ನು ಮೈಗೆ ಒತ್ತಿ ಹಿಡಿದು ಓಡುವುದು ನೀನು ಮಾತ್ರ. ನೀನು ಮಣ್ಣಿನಲ್ಲಿ ಮಂಡಿಯೂರಿ ಅವನ ತೋಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಅವನ ಕಿವಿಯ ಹತ್ತಿರ ಏನೋ ಹೇಳುತ್ತಿದ್ದೆ. ಅವನು ತಲೆಯಾಡಿಸುತ್ತಿದ್ದ.

ನನ್ನ ಸಾಲುಗಳಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ದೊಡ್ಡ ಗಂಟಲು ನಮ್ಮ ಪಕ್ಕದ ಬೀದಿಯ ಓರ್ವಿಲ್ ಅಂಕಲ್‌ನದು. “ದುಡ್ಡಿದೆಯಲ್ರೋ, ಹೊಸ ಕೈ ಕೊಂಡ್ಕೊಳ್ಳಿ! ಏ ಹುಡುಗಿ, ಬಿಡು ಅವ್ನನ್ನ, ಅಲ್ಲೇ ಬಿದ್ದಿರ್ಲಿ!” ನಾನು ಅವನ ಮುಂದೆ ಹೋಗಿ ನಿಂತೆ. “ಎದ್ದೇಳು ಓರ್ವಿಲ್. ಆಚೆ ನಡಿ” ಎಂದೆ. ಅವನು ನಕ್ಕ. “ತಮಾಷೆ ಮಾಡ್ತಿದ್ದೀಯ? ಯಾವ ಕಡೆಯವ್ನೋ ನೀನು?” ಎಂದ. “ಅಲ್ಲಿ ಮಂಡಿಯೂರಿ ಕೂತಿದ್ದಾಳಲ್ಲ, ಅವಳ ಕಡೆ. ನಡಿ” ಎಂದೆ. ಮೂವತ್ತು ವರ್ಷದ ಸ್ನೇಹಿತನನ್ನು ನಾನೇ ತೋಳು ಹಿಡಿದು ಬಾಗಿಲವರೆಗೆ ಬಿಟ್ಟುಬಂದೆ. ಹಿಂದಿನಿಂದ ಜನ ನನ್ನನ್ನೇ ಕೂಗಿ ಛೀಮಾರಿ ಹಾಕಿದರು. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು.

ಮರುದಿನ ಓರ್ವಿಲ್ ಮನೆಗೆ ಬಂದ. ವರಾಂಡದಲ್ಲಿ ಕೂತು ಟೋಪಿ ತಿರುಗಿಸುತ್ತಾ, “ವಿನ್ಸ್, ಅದು ಮರ್ಲಾ ಅಂತ ನಂಗೆ ಗೊತ್ತಾಗ್ಲಿಲ್ಲ ಕಣೋ” ಎಂದ. “ಬೇರೆಯವ್ರ ಮಗಳಾಗಿದ್ರೆ ಪರವಾಗಿರ್ಲಿಲ್ವಾ?” ಎಂದೆ. ಆಮೇಲೆ ಇಬ್ಬರೂ ಬಿಯರ್ ಹಿಡಿದು ಮಧ್ಯಾಹ್ನವಿಡೀ ವಾದ ಮಾಡಿದೆವು. “ನಮ್ಗೂ ಅಷ್ಟು ದುಡ್ಡಿದ್ದಿದ್ರೆ ಏನ್ ಮಾಡ್ತಿದ್ವಿ, ಹೇಳು” ಎಂದು ಕೇಳಿದೆ. ಅವನು, “ಪೈಕ್‌ನ ಬಿಡ್ತಿರ್ಲಿಲ್ಲ. ಅವ್ರ ಕಡೆಯ ಇನ್ನಿಬ್ಬರನ್ನೂ ಎಳ್ಕೊಂಡು ಬರ್ತಿದ್ವಿ” ಎಂದ. ಹೇಳಿ ತಾನೇ ನಕ್ಕುಬಿಟ್ಟ. “ಹಾಗಾದ್ರೆ ಇನ್ಮೇಲೆ ಬಯ್ಯೋ ಹಾಗೇ ಇಲ್ವಾ?” ಎಂದು ಕೇಳಿದ. “ಯಾಕಿಲ್ಲ? ಆಡ್ತಿರೋವಾಗ ಗಂಟಲು ಹರಿಯೋವಷ್ಟು ಬಯ್ಯಿ. ಕೆಳಗೆ ಬಿದ್ದಾಗ ಬಾಯಿ ಮುಚ್ಕೊ” ಎಂದೆ. ಓರ್ವಿಲ್ ಒಪ್ಪಿದನೋ ಇಲ್ಲವೋ, ಇನ್ನೊಂದು ಬಿಯರ್ ಕೇಳಿದ.

ನನ್ನ ತೀರ್ಮಾನವನ್ನು ನಿನಗೂ ಹೇಳುತ್ತೇನೆ. ನಿಮ್ಮವರು ಗೆಲ್ಲಬೇಕೆಂದು ಹಣ ಸುರಿಯುತ್ತಾರೆ, ಅದು ಅಪರಾಧವಲ್ಲ. ಒಂದು ತಂಡದ ಹತ್ತಿರ ಅಷ್ಟು, ಇನ್ನೊಂದರ ಹತ್ತಿರ ಇಷ್ಟೇ ಎನ್ನುವ ಏರ್ಪಾಡು ಸರಿಯಲ್ಲ, ಆದರೆ ಆ ಏರ್ಪಾಡನ್ನು ಮಾಡಿದವನು ಪೈಕ್ ಅಲ್ಲ, ನೀನೂ ಅಲ್ಲ. ನಿಮ್ಮನ್ನು ಸೋಲಿಸಬೇಕೆಂಬ ಆಸೆ ನನಗೆ ಸಾಯುವತನಕ ಇರುತ್ತದೆ. ನೀವು ಸೋತ ದಿನ ನಾನು ಎರಡು ತುತ್ತು ಹೆಚ್ಚೇ ತಿನ್ನುತ್ತೇನೆ, ನಿನ್ನಮ್ಮನನ್ನು ಕೇಳು. ಆದರೆ ಅದೇ ಕೋಪವನ್ನು ತಂದು ನಿನ್ನ ತಟ್ಟೆಯ ಮುಂದೆ ಇಟ್ಟದ್ದು ತಪ್ಪು. ತಪ್ಪು ನನ್ನದೇ.

ಪೈಕ್‌ನ ಮೂಳೆ ಮುರಿದಿಲ್ಲವೆಂದು ಪೇಪರಿನಲ್ಲಿ ಓದಿದೆ. ಬೇಗ ವಾಸಿಮಾಡು, ನಮ್ಮ ಹುಡುಗರು ಅವನ ಎಸೆತಕ್ಕೇ ಹೊಡೆದು ಗೆಲ್ಲಬೇಕು. ಅಮ್ಮ ಮುತ್ತು ಕಳಿಸಿದ್ದಾಳೆ. ಓರ್ವಿಲ್ ಕ್ಷಮೆ ಕೇಳಿದ್ದಾನೆ. ದೇವರು ನಿನ್ನ ಕೈಗಳನ್ನು ಕಾಯಲಿ.

ನಿನ್ನ ಅಪ್ಪ,
ವಿನ್ಸ್ ಹ್ರುಸ್ಕಾ

ಮರೆತ ಮಾತು: ಅವತ್ತು ಆಟ ಮುಗಿದ ಮೇಲೆ ನಿಮ್ಮ ಬಸ್ಸು ನಿಲ್ಲುವ ಕಡೆ ಬಂದಿದ್ದೆ. ನೀನು ಚೀಲ ಹೊತ್ತು ನನ್ನೆದುರೇ ಹಾದುಹೋದೆ. ನಾನು ಕಂಬದ ಮರೆಯಲ್ಲಿ ನಿಂತಿದ್ದೆ, ಕರೆಯಲಿಲ್ಲ. ಆಗಸ್ಟ್ ಒಂಬತ್ತಕ್ಕೆ ಅಮ್ಮನೂ ನಾನೂ ನ್ಯೂಯಾರ್ಕ್‌ಗೆ ಬರುತ್ತೇವೆ, ಆಟದ ಟಿಕೆಟ್ ತೆಗೆದುಕೊಂಡಾಗಿದೆ. ಕೆಲಸದವರು ಹೊರಗೆ ಬರುವುದು ಯಾವ ಗೇಟಿನಿಂದ ಎಂದು ಬರೆ. ಅಮ್ಮನಿಗಲ್ಲ, ನನಗೆ ಬರೆ.