ಐದು ಜನ, ಎರಡು ರೂಮು

ಅಕ್ಟೋಬರ್ 26, ಭಾನುವಾರ

ಇಡ್ಲಿ ಮುಗಿಯುವಷ್ಟರಲ್ಲಿ ಪ್ರವಾಸದ ಊರು ತೀರ್ಮಾನವಾಗಿತ್ತು. ವಿಜಯಪುರ. ತೀರ್ಮಾನಿಸಿದವನು ವಸಂತ, ನನ್ನ ತಮ್ಮ. ನಾನು ಚಟ್ನಿ ಹಾಕಿಸಿಕೊಳ್ಳುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಇಪ್ಪತ್ತು ವರ್ಷದಿಂದ ಸರಸ್ವತಿಪುರಂನ ಟ್ಯುಟೋರಿಯಲ್‌ನಲ್ಲಿ ಇತಿಹಾಸ ಹೇಳುತ್ತಿದ್ದೇನೆ. ಆದಿಲ್‌ಶಾಹಿಗಳು ಹತ್ತು ಅಂಕದ ಪ್ರಶ್ನೆ. ಮನೆಯಲ್ಲಿ ಮಾತ್ರ ವಿಜಯಪುರವನ್ನು ವಿವರಿಸುವವನು ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಲೇತ್ ಮುಂದೆ ನಿಲ್ಲುವ ವಸಂತ.

"ಉಪ್ಪಲಿ ಬುರುಜು ಅಂತ ಐತೆ ಕಣವ್ವ. ಅದ್ರ ಮೇಲೆ ನಿಂತ್ರೆ ಕೊಲ್ಲಾಪುರ ಕಾಣ್ತದೆ."

"ಅಮ್ಮನ ಗುಡೀನೂ ಕಂಡದಾ?" ಅಮ್ಮ ತುತ್ತು ಕೈಯಲ್ಲೇ ಹಿಡಿದು ಕೇಳಿದಳು.

"ಮೋಡ ಇಲ್ದಿದ್ರೆ ಪೂಜಾರಿನೂ ಕಾಣ್ತಾನೆ."

"ಅಷ್ಟು ದೂರ ಯಾರಿಗೂ ಕಾಣಲ್ಲ" ಎಂದೆ.

"ನೀವು ಸುಮ್ನಿರ್ರೀ" ಎಂದಳು ಹೆಂಡತಿ ಧರಣಿ. "ಅತ್ತೆಗೆ ಕಾಣ್ಲಿ ಬಿಡಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಅಕ್ಟೋಬರ್ 28, ಮಂಗಳವಾರ

ಹೆಂಡತಿ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಾಳೆ. ಮೈದುನನನ್ನು ಏಕವಚನದಲ್ಲಿ. ಅವಳು ಮದುವೆಯಾಗಿ ಬಂದಾಗ ವಸಂತ ಇನ್ನೂ ಐಟಿಐ ಹುಡುಗ. ಸಹಜ.

ಇವತ್ತು ಹಾಲ್‌ನಲ್ಲಿ ಪೇಪರ್ ಹಿಡಿದು ಕೂತಿದ್ದೆ. ಅಡುಗೆಮನೆಯಿಂದ —

"ಸ್ವೆಟರ್ ಬೇಕಾಗುತ್ತೇನೋ ವಸಂತ?"

"ಬಿಸ್ಲ ಊರು ಕಣತ್ಗೆ. ಛತ್ರಿ ತಗೊಳಿ."

"ನೀನೇ ಹಿಡ್ಕೋಬೇಕು ಮತ್ತೆ."

ಸ್ವಲ್ಪ ಹೊತ್ತು ಬಿಟ್ಟು ಹೋಗಿ ನಾನೂ ಕೇಳಿದೆ, ಸ್ವೆಟರ್ ಬೇಕಾ ಅಂತ. "ನಿಮಗೆ ಏನು ಬೇಕೋ ಇಟ್ಕೊಳಿ" ಎಂದಳು. ಮರ್ಯಾದೆಯಿಂದಲೇ.

ಸಂಶಯವಲ್ಲ. ಸಂಶಯವಾಗಿದ್ದರೆ ಸುಲಭವಿತ್ತು. ಏನೂ ಇಲ್ಲ ಎಂದು ಗೊತ್ತು. ಏನೂ ಇಲ್ಲದೆಯೇ ಇಷ್ಟು ಇದೆಯಲ್ಲ, ಅದು...

ನವೆಂಬರ್ 2, ಭಾನುವಾರ

ರೈಲು ಟಿಕೆಟ್ ವಸಂತ ಮೊಬೈಲ್‌ನಲ್ಲೇ ಮಾಡಿದ. ಅಲ್ಲಿಯ ಹೋಟೆಲು, ಕಾರು ಬನ್ನಿಮಂಟಪದ ಒಂದು ಟ್ರಾವೆಲ್ಸ್‌ನವರ ಜವಾಬ್ದಾರಿ. ಮಹದೇವಸ್ವಾಮಿ ಎಂಬಾತ. ಮಗಳು ಸಂಘಮಿತ್ರ ಫೋನ್ ಮಾಡಿದಳು.

"ಅಪ್ಪ, ಅಮ್ಮ, ಅಣ್ಣ, ಅಜ್ಜಿ, ನಾನು. ಐದು ಜನ ಸರ್, ಎರಡು ರೂಮು. ಬುಕ್ಕಿಂಗ್ ಅಪ್ಪನ ಹೆಸರಲ್ಲಿರ್ಲಿ, ವಸಂತ್ ಅಂತ. ನಾನು ಸಿಗ್ಲಿಲ್ಲ ಅಂದ್ರೆ ಅಣ್ಣಂಗೆ ಮಾಡಿ. ನಾಗೇಂದ್ರ."

ಅಣ್ಣ ಅಂದರೆ ನಾನು. ಅವಳನ್ನು ಹುಟ್ಟಿಸಿದ ಅಪ್ಪ. ಅಪ್ಪ ಅಂದರೆ ವಸಂತ, ಚಿಕ್ಕಪ್ಪ. ನಮ್ಮ ಕಡೆಯ ಮನೆಗಳಲ್ಲಿ ಇದು ಹೊಸದಲ್ಲ. ತಮ್ಮಂದಿರು 'ಅಣ್ಣಾ' ಎಂದು ಕೂಗುವುದನ್ನು ಕೇಳಿ ಕೇಳಿ ಮಗುವೂ ತಂದೆಯನ್ನು ಹಾಗೇ ಕೂಗುತ್ತದೆ. ನನ್ನ ತಂದೆಯನ್ನೂ ಅವರು ಸಾಯುವ ತನಕ ನಾನು ಅಣ್ಣ ಎಂದೇ ಕರೆದೆ. ಚಿಕ್ಕಪ್ಪ ಅನ್ನಲು ನಾಲಿಗೆ ಹೊರಳದೆ ಸಂಘಮಿತ್ರಳಿಗೆ ಅದರ ಬಾಲ ಮಾತ್ರ ಉಳಿಯಿತು — ಅಪ್ಪ. ಈಗ ಹತ್ತೊಂಬತ್ತು ತುಂಬಿದೆ. ನಾಲಿಗೆ ಚೆನ್ನಾಗಿಯೇ ಹೊರಳುತ್ತದೆ.

ಹೆಸರಿಟ್ಟವನು ನಾನು. ಅದನ್ನು ಮಿತ್ರಿ ಎಂದು ಮೊಟಕು ಮಾಡಿದವನು ಅವನು. ಅವಳು ತಟ್ಟನೆ ತಿರುಗುವುದು ಮಿತ್ರಿ ಅಂದರೆ.

ನವೆಂಬರ್ 6, ಗುರುವಾರ

ಪಾಠದ ನಡುವೆ ಫೋನ್. ಹೊರಗೆ ಬಂದೆ.

"ಸಂಘಮಿತ್ರ ಅವರ ಅಣ್ಣ ಅಲ್ವೇನಪ್ಪ? ಟ್ರಾವೆಲ್ಸ್ ಮಹದೇವಸ್ವಾಮಿ. ತಂಗಿ ಫೋನ್ ಎತ್ತಲಿಲ್ಲ ಕಣಪ್ಪ, ಅದಕ್ಕೆ ನಿಂಗೆ ಮಾಡ್ದೆ."

"ಹೂಂ."

"ಅಪ್ಪ ಅಮ್ಮ ತಂಗಿಗೆ ದೊಡ್ ರೂಮು ಹಾಕ್ಬುಟ್ಟಿದ್ದೀನಿ. ನೀನು ಅಜ್ಜಿ ಜೊತೆ ಅಡ್ಜಸ್ಟ್ ಮಾಡ್ಕೊ. ಸರಿನಾ ಮರಿ?"

ನನಗೆ ಐವತ್ತೆರಡು. ನಗಬಹುದಿತ್ತು. ಸ್ವಾಮಿ, ಅಪ್ಪ ನಾನು ಅನ್ನಬಹುದಿತ್ತು.

"ಸರಿ ಸರ್" ಎಂದೆ.

ಯಾರಾದರೂ ಗಮನಿಸುತ್ತಾರಾ ನೋಡೋಣ ಅಂತ ಇರಬೇಕು. ಅಥವಾ... ನಮ್ಮ ಮುಖವನ್ನೇ ನೋಡದವನೊಬ್ಬ, ಬರೀ ಕಿವಿಗೆ ಬಿದ್ದ ಮಾತಿನಿಂದ, ನಮ್ಮ ಮನೆಯನ್ನು ಸರಿಯಾಗಿಯೇ ಹಂಚಿದ ಅನ್ನಿಸಿತು. ಮತ್ತೆ ಒಳಗೆ ಹೋಗಿ ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಗರನ್ನೇ ಕೇಳಬೇಕಾಯಿತು.

ನವೆಂಬರ್ 9, ಭಾನುವಾರ

ಮಹದೇವಸ್ವಾಮಿ ಈ ಸಲ ಧರಣಿಗೆ ಫೋನ್ ಮಾಡಿದ. ಕೈಯೆಲ್ಲ ರಾಗಿಹಿಟ್ಟು, ಸ್ಪೀಕರ್ ಹಾಕಿದಳು. ಎಲ್ಲರೂ ಅಲ್ಲೇ ಇದ್ದೆವು.

"ಮೇಡಂ, ನಿಮಗೂ ನಿಮ್ ಯಜಮಾನ್ರು ವಸಂತ್ ಅವ್ರಿಗೂ ಮಗಳಿಗೂ ದೊಡ್ ರೂಮು. ಮಗ ಅಜ್ಜಿ ಜೊತೆ."

"ಯಾವ ಮಗ?"

"ನಾಗೇಂದ್ರ ಅಂತ ಮೇಡಂ. ನಿಮ್ ಮಗಂದು ಹೆಸರು ನಾನ್ ಹೇಳ್ಬೇಕಾ?"

ಧರಣಿ ನಗುತ್ತ ನೆಲದ ಮೇಲೆ ಕೂತೇಬಿಟ್ಟಳು. ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಹಿಟ್ಟು. "ಅಂಗಾರೆ ನಾನು ಎತ್ತಿದ್ದು ಮೊಮ್ಮಗನ್ನೇನ್ಲಾ?" ಎಂದಳು ಅಮ್ಮ. "ಅಣ್ಣ, ಹೋಂವರ್ಕ್ ಮಾಡಿದ್ಯಾ?" ಎಂದಳು ಸಂಘಮಿತ್ರ. ವಸಂತ ಗೋಡೆ ಹಿಡಿದು ನಗುತ್ತಿದ್ದ.

ಫೋನ್ ಇನ್ನೂ ಮಾತಾಡುತ್ತಿತ್ತು. "ಗುರುವಾರನೇ ಅವ್ರನ್ನ ಕೇಳಿ ಕನ್ಫರ್ಮ್ ಮಾಡ್ಕೊಂಡೆ ಮೇಡಂ. ಸರಿ ಸರ್ ಅಂದ್ರು."

ನಗು ನಿಂತಿತು. ಮೊದಲು ನಿಂತದ್ದು ವಸಂತನದು.

"ಹೆಂಗಸ್ರಿಗೊಂದು ಗಂಡಸ್ರಿಗೊಂದು ಮಾಡ್ಬುಡಿ" ಎಂದು ಧರಣಿ ಫೋನ್ ಇಟ್ಟಳು. ಆಮೇಲೆ, ನನ್ನ ಕಡೆ ನೋಡದೆ, "ಯಾಕ್ರೀ ಹೇಳ್ಲಿಲ್ಲ?"

"ಪಾಠ ನಡೀತಿತ್ತು."

ನವೆಂಬರ್ 13, ಗುರುವಾರ

ವಸಂತನಿಗೆ ರಜೆ ಸಿಗಲಿಲ್ಲವಂತೆ. ಅಮ್ಮನಿಗೆ ಹೇಳಿದ, ನನಗಲ್ಲ.

"ಅಪ್ಪ ಬರಲ್ಲ ಅಂದ್ರೆ ನಾನೂ ಬರಲ್ಲ." ಸಂಘಮಿತ್ರ ಇದನ್ನು ನನ್ನ ಮುಖ ನೋಡಿ ಹೇಳಿದಳು.

ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೇರ ತನ್ನ ಕೋಣೆಗೆ. ಮಿತ್ರಿ ಅನ್ನುವುದಿಲ್ಲ ಈಗ. "ಸಂಘಮಿತ್ರ, ಅಜ್ಜಿಗೆ ಮಾತ್ರೆ ಕೊಟ್ಯಾ?" ಪೂರ್ತಿ ಹೆಸರು, ನಾನಿಟ್ಟದ್ದು. ಅವನ ಬಾಯಲ್ಲಿ ಅದು ಆಸ್ಪತ್ರೆಯಲ್ಲಿ ಚೀಟಿ ನೋಡಿ ಕೂಗುವ ಹೆಸರಿನ ಹಾಗೆ ಕೇಳಿತು.

ಗೆದ್ದೆ ಅನ್ನಿಸಿತು. ಮಧ್ಯಾಹ್ನದ ತನಕ.

ನವೆಂಬರ್ 17, ಸೋಮವಾರ

ಸಂಜೆ ಮೇಟಗಳ್ಳಿಗೆ ಹೋದೆ. ಫ್ಯಾಕ್ಟರಿ ಗೇಟಿನ ಎದುರು ಟೀ ಅಂಗಡಿ. ಶಿಫ್ಟ್ ಬಿಟ್ಟು ಬಂದವನು ನನ್ನನ್ನು ನೋಡಿ ಹೆದರಿದ. "ಅವ್ವಂಗೇನಾಯ್ತು?"

"ಏನೂ ಇಲ್ಲ. ವಿಜಯಪುರಕ್ಕೆ ಬಾರೋ."

"ರಜ ಇಲ್ಲ ಅಣ್ಣ."

"ಸುಳ್ಳು ಹೇಳ್ಬೇಡ."

ಟೀ ಮುಗಿಸಿ ಹೇಳಿದ. "ಅವ್ಳು ಕರೆಯೋದು ನಿಂಗೆ ಚುಚ್ತದೆ ಅಂತ ನಂಗೊತ್ತಿರ್ಲಿಲ್ಲ. ನೀನು ಒಂದ್ ಮಾತು ಅನ್ಬೇಕಿತ್ತು, ಕೂಸಿದ್ದಾಗ್ಲೇ ತಿದ್ದಬೋದಿತ್ತು. ಈಗ ಹೇಳಿದ್ದೀನಿ ಅವ್ಳಿಗೆ."

"ಏನಂತ?"

"ಯಾರ್ನ ಏನಂತ ಕರೀಬೇಕು ಅಂತ." ಲೋಟ ಇಟ್ಟ. "ಬತ್ತೀನಿ ಬುಡು. ಅತ್ಗೆಗೆ ಹೇಳು."

ಬೇಡ ಕಣೋ, ಇದ್ದ ಹಾಗೇ ಇರಲಿ ಅನ್ನಲಿಲ್ಲ ನಾನು. ಬಸ್ಸಿನಲ್ಲಿ ಬರುವಾಗಲೂ ಉರಿ ಅದೇ. ಬಿಟ್ಟುಕೊಡುವುದರಲ್ಲೂ ಅವನೇ ಮುಂದೆ.

ನವೆಂಬರ್ 22, ಶನಿವಾರ. ರೈಲಿನಲ್ಲಿ

ಪ್ಲಾಟ್‌ಫಾರ್ಮಿನಲ್ಲಿ ಸಂಘಮಿತ್ರ, "ಅಪ್ಪಾ, ಆ ಬ್ಯಾಗ್ ಕೊಡಿ" ಎಂದಳು.

ಬ್ಯಾಗ್ ನನ್ನ ಕಾಲ ಬಳಿ ಇತ್ತು. ನಾನು ಬೋಗಿಯ ನಂಬರ್ ನೋಡುತ್ತ ನಿಂತಿದ್ದೆ. ವಸಂತ ಬಂದು ಎತ್ತಿ ಚಾಚಿದ.

"ಅಪ್ಪಾ." ಮತ್ತೆ. ನಾನು ತಿರುಗಲಿಲ್ಲ. ನನಗಲ್ಲವಲ್ಲ. ಅವಳು ಹತ್ತಿರ ಬಂದು ತೋಳು ಮುಟ್ಟಿದಳು. "ನಿಮ್ಮನ್ನೇ ಕರೆದಿದ್ದು."

ವಸಂತನ ಕೈ ಬ್ಯಾಗಿನ ಸಮೇತ ಹಾಗೇ ನಿಂತಿತ್ತು. ಆಮೇಲೆ ಅದನ್ನು ನಾನಿರುವ ಕಡೆಗೇ ಇಳಿಸಿ, ಅಮ್ಮನನ್ನು ಹತ್ತಿಸಲು ಹೋದ.

ಕೊಡಿ. ನಿಮ್ಮನ್ನೇ. ಅಣ್ಣನಾಗಿದ್ದಾಗ ಕೊಡು ಅನ್ನುತ್ತಿದ್ದಳು.

"ಚಿಕ್ಕಪ್ಪ, ನೀರು ಬೇಕಾ?" ಅಂತಲೂ ಕೇಳಿದಳು, ಮಂಡ್ಯ ದಾಟಿದ ಮೇಲೆ. ಸ್ಪಷ್ಟವಾಗಿ, ಒತ್ತಕ್ಷರ ಬಿಡದೆ. "ಬೇಡ ಕಣಮ್ಮ" ಅಂದ. ಬುರುಜಿನ ಕತೆ ಹೇಳು ಎಂದು ಅಮ್ಮ ಪೀಡಿಸಿದರೂ, "ಅಣ್ಣನ್ನ ಕೇಳವ್ವ, ಅವ್ನಿಗೆ ಗೊತ್ತು." ಅಮ್ಮ ನನ್ನನ್ನು ಕೇಳಲಿಲ್ಲ. ಧರಣಿ ಚಿತ್ರಾನ್ನದ ಡಬ್ಬಿ ಬಿಚ್ಚಿ ಎಲ್ಲರಿಗೂ ಬಡಿಸಿದಳು, ಯಾರ ಹೆಸರೂ ಹೇಳದೆ.

ಹಳೆಯದೇ ಇರಲಿ, ಅಣ್ಣ ಅನ್ನು, ಅವನನ್ನೇ ಅಪ್ಪ ಅನ್ನು — ಹೇಳಿದರೆ ಮುಗಿಯಿತು. ಮಾತು ಬಾಯಲ್ಲೇ ಇದೆ. ಇನ್ನೊಂದೇ ಸಲ ಕೇಳಿಬಿಟ್ಟು ಆಮೇಲೆ ಹೇಳೋಣ ಅನ್ನಿಸಿ, ಬರೆಯುವ ನೆಪದಲ್ಲಿ ಕೂತಿದ್ದೇನೆ.

ಮೇಲಿನ ಬರ್ತಿನಿಂದ ಕರೆಯುತ್ತಿದ್ದಾಳೆ. ಅಪ್ಪಾ, ಅಂತ. ವಸಂತ ತಲೆ ಎತ್ತಿದ. ತಕ್ಷಣ ಕಿಟಕಿಯ ಕಡೆ ತಿರುಗಿಕೊಂಡ.