ಮುಚ್ಚಳಕ್ಕೆ ಹನ್ನೆರಡು ಬೋಲ್ಟು

ಅಪ್ಪನಿಗೆ ನಮಸ್ಕಾರ.

ಹೆಣ್ಣುಮಕ್ಕಳಿಗಲ್ಲ ಈ ಕೆಲಸ ಎಂದು ನೀವು ಮಾತು ಬಿಟ್ಟು ಐದು ತಿಂಗಳಾಯಿತು. ನಾನು ಗ್ಯಾರೇಜಿನಲ್ಲಿ ಆರಾಮವಾಗಿದ್ದೇನೆ.

ನಿನ್ನೆ ಒಂದು ಹಳೇ ಪಿಕಪ್‌ನ ಹಿಂದಿನ ಆಕ್ಸಲ್ ಬದಲಿಸಬೇಕಿತ್ತು. ಗುಜರಿಯಿಂದ ಇನ್ನೊಂದು ತಂದಿದ್ದರು. ಮೇಸ್ತ್ರಿ, "ಎರಡೂ ಅವಳಿ ಜವಳಿ, ಕೂರಿಸ್ರೋ" ಎಂದರು. ನಾನು ಗ್ರೀಸ್ ಒರೆಸಿ, ಎರಡೂ ಆಕ್ಸಲ್‌ಗಳ ನಡುವಿನ ಗೇರುಗಳ ಮುಚ್ಚಳದ ಬೋಲ್ಟು ಎಣಿಸಿದೆ. ನಮ್ಮದಕ್ಕೆ ಹನ್ನೆರಡು, ತಂದದ್ದಕ್ಕೆ ಹತ್ತೇ! ಅಂದರೆ ಅದು ಕಡಿಮೆ ಭಾರ ತಡೆಯುವ ಬೇರೆ ಆಕ್ಸಲ್. ಕೂರಿಸಿದ್ದರೆ ಹೊರೆ ಹೊತ್ತ ಗಾಡಿ ಮೊದಲ ದಿಬ್ಬದಲ್ಲೇ ಕೈಕೊಡುತ್ತಿತ್ತು.

"ಯಾರಮ್ಮಾ ಕಲಿಸಿದ್ದು?" ಎಂದರು ಮೇಸ್ತ್ರಿ.

"ನಮ್ಮಪ್ಪ. ಅಂದ್ರೆ ಅವರು ಕಲಿಸ್ಲಿಲ್ಲ, ಅವರು ಗಾಡಿ ರಿಪೇರಿ ಮಾಡೋದನ್ನ ನಾನೇ ಕದ್ದು ನೋಡಿ ಕಲಿತೆ" ಎಂದೆ. ಎಲ್ಲರೂ ನಕ್ಕರು.

ನಮ್ಮ ಗಾಡಿಯೂ ಹಿಂದುಗಡೆ ಗುಂಯ್‌ಗುಡುತ್ತಿದೆ ಎಂದು ಅಮ್ಮ ಹೇಳಿದಳು. ಆ ಸೊಂಟನೋವಿನಲ್ಲಿ ನೀವು ಗಾಡಿಯ ಕೆಳಗೆ ತೂರಬೇಡಿ. ಭಾನುವಾರ ಬರುತ್ತೇನೆ. ನೀವು ಸ್ಟೂಲಿನ ಮೇಲೆ ಕೂತು, ಬೈಯುತ್ತಲೇ ಸ್ಪ್ಯಾನರ್ ಕೊಟ್ಟರೆ ಸಾಕು.

ನಿಮ್ಮ ಹಟಮಾರಿ ಮಗಳು